ಕಾರು ಇಲ್ಲೇ ಜೋಡಿಸಿದರೆ ಸಾಕೇ? ಯಡ್ರಾವಕ್ಕೆ ಆರ್ಡರ್ ಬರಬೇಡವೇ?

2025ರ ಜುಲೈ 15ರಂದು ಮುಂಬೈಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಟೆಸ್ಲಾ ಕಂಪೆನಿ ಭಾರತದ ತನ್ನ ಮೊದಲ ಶೋರೂಂ ತೆರೆಯಿತು. ಆಗ ಕಾರಿನ ಬೆಲೆ ಸುಮಾರು 60 ಲಕ್ಷ ರೂಪಾಯಿಯಿಂದ ಶುರುವಾಗುತ್ತಿತ್ತು. ಕಾರು ಬಂದದ್ದು ಚೀನಾದ ಶಾಂಘೈ ಫ್ಯಾಕ್ಟರಿಯಿಂದ. ಅದಕ್ಕೆ ಒಂದೂವರೆ ತಿಂಗಳ ಮೊದಲೇ ಕೇಂದ್ರ ಭಾರೀ ಕೈಗಾರಿಕಾ ಸಚಿವ ಎಚ್.ಡಿ. ಕುಮಾರಸ್ವಾಮಿ ಹೇಳಿಬಿಟ್ಟಿದ್ದರು: ಟೆಸ್ಲಾಗೆ ಇಲ್ಲಿ ಶೋರೂಂ ತೆರೆಯುವ ಆಸಕ್ತಿ ಇದೆ, ಕಾರು ತಯಾರಿಸುವ ಆಸಕ್ತಿ ಇಲ್ಲ ಅಂತ. ಅದೇ ಆಗಸ್ಟ್ 4ರಂದು ವಿಯೆಟ್ನಾಂನ ವಿನ್‌ಫಾಸ್ಟ್ ಕಂಪೆನಿ ತಮಿಳುನಾಡಿನ ತೂತ್ತುಕುಡಿಯಲ್ಲಿ ವರ್ಷಕ್ಕೆ 50 ಸಾವಿರ ಕಾರು ಜೋಡಿಸುವ ಕಾರ್ಖಾನೆ ಉದ್ಘಾಟಿಸಿತು.

ಒಬ್ಬರು ಮಾರಲು ಬಂದರು, ಇನ್ನೊಬ್ಬರು ಜೋಡಿಸಲು ಬಂದರು. ಟಿವಿ ಚರ್ಚೆ ಇಲ್ಲಿಗೇ ಮುಗಿಯುತ್ತದೆ. ಆದರೆ ಕೆಲಸ ಹುಡುಕುವ ಯುವಕನಿಗೆ, ಸಣ್ಣ ವರ್ಕ್‌ಶಾಪ್ ನಡೆಸುವವನಿಗೆ ಬೇಕಾದ ಪ್ರಶ್ನೆ ಬೇರೆ. ಜೋಡಿಸುವ ಕಾರಿನ ಒಳಗೆ ಇರುವ ಭಾಗಗಳನ್ನು ಯಾರು ಮಾಡ್ತಾರೆ?

ಈ ಪ್ರಶ್ನೆಯನ್ನು ಕೇಳಲು ಸರಿಯಾದ ಊರು ಯಡ್ರಾವ. ನಿಪ್ಪಾಣಿ ದಾಟಿ ಮಹಾರಾಷ್ಟ್ರದ ಒಳಗೆ ಹೋದರೆ ಇಚಲಕರಂಜಿಗೆ ಅಂಟಿಕೊಂಡೇ ಇರುವ, ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಊರು ಇದು. ಮರಾಠಿಯ ಜೊತೆ ಕನ್ನಡವೂ ಕೇಳಿಸುವ ಗಡಿ ಪ್ರದೇಶ. ಇಲ್ಲಿನ ಪಾರ್ವತಿ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ನೂಲು ಮತ್ತು ಬಟ್ಟೆಯ ಘಟಕಗಳಿವೆ, ಜೊತೆಗೆ ಎಂಜಿನಿಯರಿಂಗ್ ಘಟಕಗಳೂ ಇವೆ. ಲೋಹದ ಬಲ, ಗಟ್ಟಿತನ ಅಳೆಯುವ ಪರೀಕ್ಷಾ ಯಂತ್ರಗಳನ್ನು ಮಾಡುವ ಎಫ್‌ಐಇ ಕಂಪೆನಿ ಇರುವುದು ಇಲ್ಲೇ. ಊರಲ್ಲೇ ಶರದ್ ಎಂಜಿನಿಯರಿಂಗ್ ಕಾಲೇಜು ಇದೆ. ಸ್ವಲ್ಪ ಆಚೆ ಹೋದರೆ ಶಿರೋಲಿ, ಗೋಕುಲ ಶಿರಗಾಂವ, ಕಾಗಲ್ ಕೈಗಾರಿಕಾ ಪ್ರದೇಶಗಳಲ್ಲಿ ಕೊಲ್ಹಾಪುರದ ಹೆಸರುವಾಸಿ ಫೌಂಡ್ರಿಗಳಿವೆ. ಕಬ್ಬಿಣ ಕರಗಿಸಿ ಎಂಜಿನ್ ಬ್ಲಾಕ್, ಸಿಲಿಂಡರ್ ಹೆಡ್, ಫ್ಲೈವೀಲ್, ಬ್ರೇಕ್ ಡ್ರಮ್, ಗೇರ್‌ಬಾಕ್ಸ್‌ನ ಹೊರಕವಚ ಎರಕ ಹೊಯ್ಯುವ ಜಾಗಗಳಿವು. ಗಡಿಯ ಈಚೆ ಬೆಳಗಾವಿಯ ಉದ್ಯಮಬಾಗ್‌ನಲ್ಲೂ ಇದೇ ಕೆಲಸ ನಡೆಯುತ್ತದೆ.

ಪುಣೆ ಸಮೀಪದ ಚಾಕಣದಲ್ಲಿರುವ ದೊಡ್ಡ ಕಾರು ಕಂಪೆನಿ ಇಂಥ ಸಣ್ಣ ಘಟಕದಿಂದ ನೇರವಾಗಿ ಏನನ್ನೂ ಖರೀದಿಸುವುದಿಲ್ಲ. ಕಂಪೆನಿ ದೊಡ್ಡ ಸರಬರಾಜುದಾರನಿಗೆ ಆರ್ಡರ್ ಕೊಡುತ್ತದೆ. ಅವನು ಎರಕಕ್ಕೆ ಫೌಂಡ್ರಿಗೆ ಬರುತ್ತಾನೆ. ಫೌಂಡ್ರಿಯವರು ಕೊರೆಯುವ, ತಿರುಗಿಸುವ ಕೆಲಸವನ್ನು ಜಾಬ್‌ವರ್ಕ್ ಅಂತ ಲೇಥ್ ಇಟ್ಟವನಿಗೆ ಕೊಡುತ್ತಾರೆ. ಅವನ ಸುತ್ತ ಪ್ಯಾಟರ್ನ್ ಮಾಡುವವನು, ಟೆಂಪೋ ಓಡಿಸುವವನು, ಟೂಲ್ಸ್ ಅಂಗಡಿಯವನು, ಕ್ಯಾಂಟೀನ್‌ನವನು. ದೊಡ್ಡ ಕಾರ್ಖಾನೆಯ ಗೇಟಿನ ಹೊರಗೆ ಹೀಗೆ ಬೆಳೆಯುವ ಕೆಲಸವೇ ಸಾಮಾನ್ಯ ಜನರ ಮನೆ ತಲುಪುವುದು.

ಈಗ ವಿದೇಶಿ ಕಂಪೆನಿಯವರ ಲೆಕ್ಕ ನೋಡೋಣ. ಅವರು ಇಲ್ಲಿ ಜೋಡಿಸಬೇಕೋ ಬೇಡವೋ ಅಂತ ಯೋಚಿಸುವುದು ಮುಖ್ಯವಾಗಿ ಸುಂಕದ ಮೇಲೆ. ಹೊರಗಿನಿಂದ ಸಿದ್ಧವಾಗಿ ಬರುವ ದುಬಾರಿ ಕಾರಿಗೆ ಸುಂಕ ಮತ್ತು ಸೆಸ್ ಸೇರಿ ಸುಮಾರು ಶೇ. 110. ಅಂದರೆ ಬಂದರಿಗೆ ತಲುಪುವಾಗ 40 ಲಕ್ಷ ಬೆಲೆಯ ಕಾರಿಗೆ 44 ಲಕ್ಷ ಸುಂಕ. ಅದೇ ಕಾರನ್ನು ಬಿಡಿ ಭಾಗಗಳ ಕಿಟ್ ಆಗಿ ತಂದು ಇಲ್ಲಿ ಜೋಡಿಸಿದರೆ ಸುಂಕ ಇದರ ಒಂದು ಪಾಲು ಮಾತ್ರ. 2024ರ ಮೇ ತಿಂಗಳಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಕಂಪೆನಿ ರೇಂಜ್ ರೋವರ್ ಕಾರನ್ನು ಪುಣೆಯಲ್ಲಿ ಜೋಡಿಸುವುದಾಗಿ ಪ್ರಕಟಿಸಿದಾಗ ಬೆಲೆ ಶೇ. 18ರಿಂದ 22ರಷ್ಟು ಇಳಿಯುತ್ತದೆ ಎಂದಿದ್ದು ಇದೇ ಕಾರಣಕ್ಕೆ.

ಗಿರಾಕಿಗೆ ಲಾಭ, ನಿಜ. ಆದರೆ ಕಿಟ್‌ನಲ್ಲಿ ಎಂಜಿನ್, ಗೇರ್‌ಬಾಕ್ಸ್ ಎಲ್ಲವೂ ಹಡಗಿನಲ್ಲೇ ಬಂದರೆ ಫೌಂಡ್ರಿಗೆ ಏನು ಸಿಕ್ಕಿತು? ಬೋಲ್ಟ್ ಬಿಗಿಯುವ ಕೆಲವು ನೂರು ಕೆಲಸ ಸಿಗಬಹುದು, ಅಷ್ಟೇ.

ಕಿಟ್ ಯಾವುದು, ಬಿಡಿಭಾಗ ಯಾವುದು ಎಂಬುದೇ ಕೋಟಿಗಟ್ಟಲೆ ರೂಪಾಯಿಯ ಜಗಳ. 2024ರ ಸೆಪ್ಟೆಂಬರ್‌ನಲ್ಲಿ ಸ್ಕೋಡಾ ಆಟೋ ಫೋಕ್ಸ್‌ವ್ಯಾಗನ್ ಇಂಡಿಯಾಗೆ ಕಸ್ಟಮ್ಸ್ ಇಲಾಖೆ 140 ಕೋಟಿ ಡಾಲರ್‌ನ ನೋಟಿಸ್ ಕೊಟ್ಟಿತು. ಹೆಚ್ಚುಕಮ್ಮಿ ಇಡೀ ಕಾರನ್ನೇ ಬೇರೆ ಬೇರೆ ಕನ್‌ಸೈನ್‌ಮೆಂಟ್‌ಗಳಲ್ಲಿ ಬಿಡಿಭಾಗ ಅಂತ ತೋರಿಸಿ, ಶೇ. 30-35ರ ಬದಲು ಶೇ. 5-15 ಸುಂಕ ಕಟ್ಟಿದ್ದಾರೆ ಎಂಬುದು ಆರೋಪ. ಕಂಪೆನಿ ಇದನ್ನು ಒಪ್ಪದೆ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತು. ತಪ್ಪು ಯಾರದ್ದು ಎಂದು ಕೋರ್ಟ್ ಹೇಳಬೇಕು. ಆದರೆ ‘ಇಲ್ಲೇ ತಯಾರಾದದ್ದು’ ಎಂಬ ಮಾತಿನ ಒಳಗೆ ಎಷ್ಟು ಜಾಗ ಇದೆ ಅಂತ ಈ ಕೇಸು ತೋರಿಸಿತು.

ಸರಕಾರಕ್ಕೂ ಇದು ಗೊತ್ತಿಲ್ಲದೆ ಇಲ್ಲ. 2024ರ ಮಾರ್ಚ್ 15ರಂದು ಪ್ರಕಟವಾದ ವಿದ್ಯುತ್ ಕಾರು ಯೋಜನೆಯಲ್ಲಿ ಕನಿಷ್ಠ 4,150 ಕೋಟಿ ರೂ. ಹೂಡುವ ಕಂಪೆನಿಗೆ ವರ್ಷಕ್ಕೆ 8,000 ಕಾರುಗಳನ್ನು ಬರೀ ಶೇ. 15 ಸುಂಕದಲ್ಲಿ ತರಲು ಅವಕಾಶ ಇತ್ತು. ಬದಲಿಗೆ ಮೂರು ವರ್ಷದಲ್ಲಿ ಶೇ. 25, ಐದು ವರ್ಷದಲ್ಲಿ ಶೇ. 50 ಮೌಲ್ಯ ದೇಶದ ಒಳಗೆ ಸೇರ್ಪಡೆಯಾಗಬೇಕಿತ್ತು. ಯೋಜನೆಯ ಜೀವ ಇದ್ದದ್ದು ಈ ಶೇ. 50ರಲ್ಲಿ. ಹೂಡಿಕೆಯ ಕೋಟಿ ಲೆಕ್ಕ ಪತ್ರಿಕೆಯ ತಲೆಬರಹಕ್ಕೆ ಚೆಂದ. ದೇಶೀಯ ಪಾಲು ಎಷ್ಟು ಎಂಬುದೇ ಸಣ್ಣ ಊರಿಗೆ ಮುಖ್ಯ.

ಭಾಗಗಳೂ ಇಲ್ಲೇ ಆದರೆ ಏನಾಗುತ್ತದೆ ಎಂಬುದಕ್ಕೆ ಬಿಡದಿ ಉದಾಹರಣೆ. ಅದರ ಬೇರು ಇದೇ ಗಡಿಯಲ್ಲಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ನಂತರ ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಈಗಿನ ಸಾಂಗ್ಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅದೇ ಕುಟುಂಬ 1997ರಲ್ಲಿ ಜಪಾನಿನ ಟೊಯೊಟಾ ಜೊತೆ ಸೇರಿತು. 1999ರ ಕೊನೆಗೆ ಬಿಡದಿಯಿಂದ ಕ್ವಾಲಿಸ್ ಹೊರಬಂತು. ಕಾರಿನ ಕಾರ್ಖಾನೆಯ ಜೊತೆಗೇ ಬಿಡಿಭಾಗದ ಕಂಪೆನಿಗಳು ಬಂದವು, ಗೇರ್‌ಬಾಕ್ಸ್ ಅಲ್ಲೇ ತಯಾರಾಗತೊಡಗಿತು. 2007ರಲ್ಲಿ ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳಿಗೆ ಮೂರು ವರ್ಷದ ವಸತಿ ತರಬೇತಿ ಸಂಸ್ಥೆ ಶುರುವಾಯಿತು. ಎಲ್ಲವೂ ಸುಗಮ ಅಂತಲ್ಲ. 2020ರ ನವೆಂಬರ್‌ನಲ್ಲಿ ಕಾರ್ಮಿಕರ ಮುಷ್ಕರ, ಲಾಕೌಟ್ ಎರಡೂ ಆದವು. ಆದರೂ ಇಷ್ಟು ಬೇರು ಬಿಟ್ಟ ಕಂಪೆನಿ ಸುಲಭದಲ್ಲಿ ಗಂಟು ಕಟ್ಟುವುದಿಲ್ಲ.

ಹಾಗಂತ ಬೇರು ಬಿಟ್ಟವರೆಲ್ಲ ಉಳಿದರು ಎನ್ನಲಾಗದು. ಜನರಲ್ ಮೋಟಾರ್ಸ್ 2020ರ ಡಿಸೆಂಬರ್‌ನಲ್ಲಿ ಪುಣೆ ಹತ್ತಿರದ ತಳೆಗಾಂವ್‌ನಲ್ಲಿ ಉತ್ಪಾದನೆ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿ ಬಿಡುವುದಾಗಿ ಪ್ರಕಟಿಸಿತು. ಹತ್ತು ವರ್ಷದಲ್ಲಿ 200 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಅಂತ ಹೇಳಿತು. ಸುಮಾರು 4,000 ನೌಕರರ ಮೇಲೆ ಪರಿಣಾಮ ಎಂಬುದು ಆಗಿನ ಲೆಕ್ಕ. ಸಾಲ ಮಾಡಿ ಯಂತ್ರ ತಂದ ಸಣ್ಣ ಸರಬರಾಜುದಾರರು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಕರಾವಳಿಯ ಓದುಗರಿಗೆ ಹತ್ತಿರದ ಉದಾಹರಣೆ ಸೌದಿ. ಜಿದ್ದಾದ ಉತ್ತರಕ್ಕಿರುವ ಕಿಂಗ್ ಅಬ್ದುಲ್ಲಾ ಎಕನಾಮಿಕ್ ಸಿಟಿಯಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೂಸಿಡ್ ಕಂಪೆನಿಯ ಘಟಕ ತೆರೆಯಿತು. ಅರಿಝೋನಾದಿಂದ ಬರುವ ಕಿಟ್ ಜೋಡಿಸಿ ವರ್ಷಕ್ಕೆ 5,000 ಕಾರು ಮಾಡುವುದು ಆರಂಭದ ಗುರಿ. ಹ್ಯುಂಡೈ ಕೂಡಾ ಸೌದಿ ಸರಕಾರದ ಹೂಡಿಕೆ ನಿಧಿಯ ಜೊತೆ ಅಲ್ಲೇ 50 ಸಾವಿರ ಕಾರಿನ ಕಾರ್ಖಾನೆ ಕಟ್ಟುತ್ತಿದೆ. ಎಣ್ಣೆ ಹಣ ಇರುವ ಸರಕಾರ ಕಂಪೆನಿಯಲ್ಲಿ ಪಾಲು ಹಾಕಿ, 10 ವರ್ಷದಲ್ಲಿ ಒಂದು ಲಕ್ಷ ಕಾರುಗಳವರೆಗೆ ತಾನೇ ಕೊಳ್ಳುವ ಮಾತು ಕೊಟ್ಟು ಲೂಸಿಡ್‌ನ್ನು ಕರೆಸಿಕೊಂಡಿತು. ಆದರೆ ಅಲ್ಲಿ ಹಣ ಇದ್ದರೂ ಕೊಲ್ಹಾಪುರದಂಥ ತಲೆಮಾರುಗಳ ಫೌಂಡ್ರಿ ಪಟ್ಟಣ ಇಲ್ಲ. ಭಾರತದ ಬಳಿ ಇರುವ ಬಂಡವಾಳ ಅದೇ.

ಆ ಬಂಡವಾಳವನ್ನೂ ಕಡೆಗಣಿಸಲಾಗುತ್ತಿದೆ. 2013ರ ಸುಮಾರಿಗೆ ವಿದ್ಯುತ್ ದರದಿಂದ ಬೇಸತ್ತ ಕೊಲ್ಹಾಪುರದ ಉದ್ಯಮಿಗಳು ಗಡಿ ದಾಟಿ ಕರ್ನಾಟಕಕ್ಕೆ ಬರ್ತೇವೆ ಅಂತ ಬಹಿರಂಗವಾಗಿ ಹೇಳಿದ್ದರು. ಈಗ ಅದಕ್ಕಿಂತ ದೊಡ್ಡ ಸವಾಲು ವಿದ್ಯುತ್ ಕಾರು. ಅದಕ್ಕೆ ಎಂಜಿನ್ ಬ್ಲಾಕ್ ಬೇಡ, ಸಿಲಿಂಡರ್ ಹೆಡ್ ಬೇಡ, ಪಿಸ್ಟನ್ ಬೇಡ. ಬ್ರೇಕ್, ಹಬ್, ಸಸ್ಪೆನ್ಷನ್ ಭಾಗಗಳು ಉಳಿಯುತ್ತವೆ. ಮೋಟಾರಿನ ಕವಚ, ಬ್ಯಾಟರಿ ಪೆಟ್ಟಿಗೆ ಹೊಸದಾಗಿ ಬೇಕು, ಅದಕ್ಕೆ ಹೆಚ್ಚಾಗಿ ಅಲ್ಯೂಮಿನಿಯಂ. ಕಬ್ಬಿಣದ ಫೌಂಡ್ರಿ ಅಲ್ಯೂಮಿನಿಯಂಗೆ ಬದಲಾಗುವುದು ರಾತ್ರಿ ಬೆಳಗಾಗುವುದರೊಳಗೆ ಆಗೋದಿಲ್ಲ. ಹೊಸ ಯಂತ್ರ ಬೇಕು, ಸಾಲ ಬೇಕು, ಕಲಿತ ಕೈ ಬೇಕು.

ಹಾಗಾಗಿ ಸರಕಾರಗಳು ಭೂಮಿ, ನೀರು, ತೆರಿಗೆ ರಿಯಾಯಿತಿ ಕೊಡುವ ಮೊದಲು ಮೂರು ವಿಷಯ ಕೇಳಬೇಕು. ಐದನೇ ವರ್ಷದಲ್ಲಿ ಯಾವ ಯಾವ ಭಾಗ ಇಲ್ಲಿಂದ ಖರೀದಿ? ಅದರಲ್ಲಿ ಸಣ್ಣ ಘಟಕಗಳ ಪಾಲೆಷ್ಟು? ಹಣ ಎಷ್ಟು ದಿನದಲ್ಲಿ ಪಾವತಿ? ಮೂರನೆಯದು ಸಣ್ಣ ಮಾತಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಗರಿಷ್ಠ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಕೊಳ್ಳುವವನಿಗೆ ಆ ವರ್ಷ ಅದನ್ನು ಖರ್ಚು ಅಂತ ತೋರಿಸಲು ಬಿಡದ ಆದಾಯ ತೆರಿಗೆ ನಿಯಮ ಕೂಡಾ ಬಂದಿದೆ. ಆದರೆ ಉದ್ಯಮ್ ನೋಂದಣಿ ಇಲ್ಲದವನಿಗೆ ಈ ರಕ್ಷಣೆ ಸಿಗುವುದು ಕಷ್ಟ. ಎಷ್ಟೋ ಸಣ್ಣ ವರ್ಕ್‌ಶಾಪ್‌ಗಳು ಇನ್ನೂ ಚೀಟಿ ಲೆಕ್ಕದಲ್ಲೇ ಇವೆ.

ಯುವಕರಿಗೂ ಇಲ್ಲಿ ವಿಷಯ ಇದೆ. ಬ್ಯಾರಿ ಸಮುದಾಯದಲ್ಲಿ ವಾಹನದ ವ್ಯವಹಾರ ಹೊಸತಲ್ಲ. ಸ್ಪೇರ್ ಪಾರ್ಟ್ಸ್ ಅಂಗಡಿ, ಟಯರ್, ಗುಜರಿ, ಲಾರಿ, ಗಲ್ಫ್‌ನ ಗ್ಯಾರೇಜ್ ಎಲ್ಲ ಕಡೆ ಇದ್ದಾರೆ. ಆದರೆ ಮಾರುವುದರಿಂದ ತಯಾರಿಸುವ ಕಡೆಗೆ ದಾಟಿದವರು ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದದ್ದು ಅಂಗಡಿಗೆ ಒಳ್ಳೆಯದೇ. ಅದರ ಜೊತೆ ಮನೆಯ ಒಬ್ಬ ಹುಡುಗ ಐಟಿಐಯಲ್ಲಿ ಸಿಎನ್‌ಸಿ ಅಥವಾ ಟೂಲ್ ಆ್ಯಂಡ್ ಡೈ ಕಲಿತರೆ, ಇನ್ನೊಬ್ಬ ಬಿಕಾಂ ಓದಿ ಕಾಸ್ಟಿಂಗ್ ಲೆಕ್ಕ, ಗುಣಮಟ್ಟದ ಪ್ರಮಾಣಪತ್ರದ ಕೆಲಸ ಕಲಿತರೆ, ಇಬ್ಬರು ಸೇರಿ ಸಣ್ಣ ಘಟಕ ನಡೆಸಬಹುದು. ವಾಹನ ಉದ್ಯಮಕ್ಕೆ ಭಾಗ ಕೊಡಬೇಕಾದರೆ ಐಎಟಿಎಫ್ 16949 ಎಂಬ ಪ್ರಮಾಣಪತ್ರವನ್ನು ದೊಡ್ಡ ಖರೀದಿದಾರರು ಕೇಳುತ್ತಾರೆ. ಅದು ಏನು ಅಂತ ತಿಳಿದುಕೊಳ್ಳಲು ಇವತ್ತೇ ಶುರು ಮಾಡಬಹುದು.

ಮುಂದಿನ ಸಲ ಯಾವುದಾದರೂ ವಿದೇಶಿ ಕಾರು ಕಂಪೆನಿ ಇಷ್ಟು ಸಾವಿರ ಕೋಟಿ ಹೂಡುತ್ತದೆ ಎಂಬ ಸುದ್ದಿ ಬಂದಾಗ, ಮುಖ್ಯಮಂತ್ರಿ ಕೈಕುಲುಕುವ ಫೋಟೋದ ಕೆಳಗೆ ಬರೆದದ್ದನ್ನೂ ಓದಬೇಕು. ಅದರಲ್ಲಿ ದೇಶೀಯ ಭಾಗಗಳ ಪಾಲು ಎಷ್ಟು ಎಂಬ ಒಂದು ಸಾಲು ಇಲ್ಲದಿದ್ದರೆ, ಆ ಒಂದು ಸಾಲನ್ನು ಕೇಳುವ ಹಕ್ಕು ಭೂಮಿ ಕೊಟ್ಟ ರೈತನಿಗೂ ಇದೆ, ಯಡ್ರಾವದ ಕೆಲಸಗಾರನಿಗೂ ಇದೆ.