ಪದವೀಧರರೂ ಘಟ್ಟದ ಕಪ್ಪೆಯೂ

ಸಕಲೇಶಪುರದಿಂದ ಮಂಗಳೂರಿಗೆ ಹೋಗುವವರು ಹೆಗ್ಗದ್ದೆಯನ್ನು ದಾಟಿ ಶಿರಾಡಿ ಘಟ್ಟವನ್ನಿಳಿಯುತ್ತಾರೆ. ಅಲ್ಲಿಂದ ಕೆಂಪುಹೊಳೆಯವರೆಗೆ 2015ರಲ್ಲಿ ಕಾಂಕ್ರೀಟು ರಸ್ತೆಯಾದ ಸಂಗತಿ ನಮ್ಮ ವಾಚಕರಿಗೆ ತಿಳಿದೇ ಇದೆ. ಆದರೆ ಅದೇ ಕೆಂಪುಹೊಳೆಯ ಹೆಸರನ್ನು ಹೊತ್ತ ಕಪ್ಪೆಯೊಂದು ಈ ಕಾಡಿನಲ್ಲಿದೆಯೆಂಬುದನ್ನೂ, 1937ರಲ್ಲಿ ಅದನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದವರು ಬೆಂಗಳೂರು ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರೆಂಬುದನ್ನೂ ಬಲ್ಲ ಪದವೀಧರರು ಎಷ್ಟು ಮಂದಿ?

ಜೀವಶಾಸ್ತ್ರವನ್ನು ಓದದವರಿಗೆ ಕಪ್ಪೆಯ ಗೊಡವೆ ಏಕೆಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಉತ್ತರವಿತ್ತು, ಪರಿಸರ ಶಿಕ್ಷಣವು ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯವಾಗಬೇಕೆಂದು ವಿಧಿಸಿತು. ಅದರಂತೆ 2003ರ ಸುಮಾರಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಸಿದ್ಧಪಡಿಸಿದ ಪಠ್ಯಕ್ರಮದಲ್ಲಿ ಐವತ್ತು ಪಾಠಗಳಿದ್ದವು. ಅವುಗಳಲ್ಲಿ ಎಂಟು ಜೀವವೈವಿಧ್ಯಕ್ಕೆ, ಐದು ಕ್ಷೇತ್ರಾಧ್ಯಯನಕ್ಕೆ ಮೀಸಲು. 2023ರಲ್ಲಿ ಆಯೋಗವು ಹೊಸ ಚೌಕಟ್ಟನ್ನೂ ಪ್ರಕಟಿಸಿತು. ವಿಧಿಗೆ ಕೊರತೆಯಿಲ್ಲ. ಕೊರತೆಯಿರುವುದು ಆಚರಣೆಯಲ್ಲಿ. ವಿದ್ಯಾರ್ಥಿಗಳು ಟಿಪ್ಪಣಿಯನ್ನು ಉರುಹೊಡೆದು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮರುದಿನವೇ ಎಲ್ಲವನ್ನೂ ಮರೆತುಬಿಟ್ಟರೆ, ಆ ಪಾಠವು ನೀರಿನ ಮೇಲಣ ಬರೆಹವಲ್ಲದೆ ಮತ್ತೇನು?

ಇದು ಕೇವಲ ವಿದ್ಯಾಶಾಲೆಗಳ ವಿಚಾರವಲ್ಲ. ಎತ್ತಿನಹೊಳೆಯ ಯೋಜನೆಯನ್ನೇ ನೋಡಿರಿ. ಅದರಿಂದ ವರ್ಷಕ್ಕೆ 24 ಟಿ.ಎಂ.ಸಿ. ನೀರು ದೊರೆಯುವುದೆಂದು ಸರ್ಕಾರದವರ ಲೆಕ್ಕ. ಸುಮಾರು ಒಂಬತ್ತೂವರೆ ಟಿ.ಎಂ.ಸಿ. ಎಂದು ಭಾರತೀಯ ವಿಜ್ಞಾನ ಸಂಸ್ಥೆಯವರ ಅಧ್ಯಯನದ ಲೆಕ್ಕ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತಕ್ಕೆ ಚಾಲನೆಯೂ ದೊರೆಯಿತು. ಮಳೆಗಾಲದ ನೀರನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಹೊಳೆಗೆ ಬಿಡುವುದು ಶೋಲೆ, ಹುಲ್ಲುಗಾವಲು, ಕಾಡುಗಳು. ಈ ಸಂಬಂಧವನ್ನು ಅರಿಯದವನು ಎರಡು ಲೆಕ್ಕಗಳ ಗುಣದೋಷವನ್ನು ಹೇಗೆ ತೂಗಬಲ್ಲನು? ಕಡತಕ್ಕೆ ಸಹಿ ಮಾಡುವ ಅಧಿಕಾರಿಯೂ, ಹಣ ಮಂಜೂರು ಮಾಡುವ ಲೆಕ್ಕಿಗನೂ, ಸಭೆಯಲ್ಲಿ ಕೈಯೆತ್ತುವ ಸದಸ್ಯನೂ ಬಹುಮಟ್ಟಿಗೆ ಕಲಾ, ವಾಣಿಜ್ಯ, ಕಾನೂನು ಶಾಲೆಗಳಿಂದ ಬಂದವರೇ. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲೂ ಸಮಿತಿಯಿರಬೇಕೆಂದು ವಿಧಿಸಿದೆ. ಊರಿನ ಗಿಡಮರ ಪ್ರಾಣಿಗಳ ದಾಖಲೆಯನ್ನು ಸಿದ್ಧಪಡಿಸುವ ಹೊಣೆ ಆ ಸಮಿತಿಯದು. ಗುರುತಿಸಲು ಬಾರದವರು ಬರೆದ ದಾಖಲೆಯು ಕಾಗದದ ಹೊರೆಯಾದೀತೇ ಹೊರತು ಊರಿಗೆ ರಕ್ಷೆಯಾಗಲಾರದು.

ಇನ್ನೊಂದು ಮಾತನ್ನೂ ಮರೆಯಲಾಗದು. ಆಲೂರು, ಸಕಲೇಶಪುರಗಳ ಸೀಮೆಯಿಂದ 2014ರಲ್ಲಿ ಇಪ್ಪತ್ತೆರಡು ಆನೆಗಳನ್ನು ಹಿಡಿದು ಸಾಗಿಸಿದರೂ ಹಾವಳಿ ನಿಲ್ಲಲಿಲ್ಲ. 2023ರ ಡಿಸೆಂಬರಿನಲ್ಲಿ ಯಸಳೂರಿನ ಬಳಿ ಕಾಡಾನೆಯನ್ನು ಹಿಡಿಯುವ ಕಾರ್ಯದಲ್ಲಿ ದಸರೆಯ ಅರ್ಜುನನೇ ಮಡಿದನು. ಆನೆಯಿಂದ ಬಂಧುವನ್ನು ಕಳೆದುಕೊಂಡ ಮನೆಯ ಹುಡುಗನಿಗೆ ಸಂರಕ್ಷಣೆಯ ಹಿರಿಮೆಯನ್ನು ಬಾಯಿಪಾಠ ಮಾಡಿಸುವುದು ಶಿಕ್ಷಣವಲ್ಲ, ಕ್ರೌರ್ಯ. ಆನೆ ತೋಟಕ್ಕೆ ಏಕೆ ಬಂದಿತು, ಅದರ ದಾರಿ ಎಲ್ಲಿ ಕಡಿಯಿತು ಎಂಬುದನ್ನು ಅವನೊಡನೆ ಕುಳಿತು ವಿಚಾರಿಸುವುದೇ ನಿಜವಾದ ಪಾಠ.

ಆದಕಾರಣ ನಮ್ಮ ಅರಿಕೆಯಿಷ್ಟು: ಕ್ಷೇತ್ರಾಧ್ಯಯನವನ್ನು ವನವಿಹಾರವಾಗಲು ಬಿಡದೆ, ಪ್ರತಿಯೊಬ್ಬರಿಗೂ ಅವರವರ ವಿದ್ಯೆಯ ಬಾಗಿಲಿನಿಂದಲೇ ಕಾಡನ್ನು ತೋರಿಸಬೇಕು. ವಾಣಿಜ್ಯದವರು ಹೆಗ್ಗದ್ದೆಯ ಸೀಮೆಯ ಕಾಫಿ ತೋಟದಲ್ಲಿ ನಾಡಮರದ ನೆರಳಿಗೂ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಮರದ ನೆರಳಿಗೂ ಇರುವ ಲಾಭನಷ್ಟವನ್ನು ಎಣಿಸಲಿ. ಕಾನೂನಿನವರು ಕಾಯಿದೆಯನ್ನು ಗ್ರಾಮದ ದಾಖಲೆಯೊಡನೆ ಹೋಲಿಸಲಿ. ಕನ್ನಡದವರು ಹಿರಿಯರ ಬಾಯಲ್ಲಿ ಉಳಿದಿರುವ ಗಿಡಮೀನುಗಳ ಹೆಸರನ್ನು ಸಂಗ್ರಹಿಸಲಿ. ಹಿರಿದಾದ ಗದ್ದೆಯೇ ಹೆಗ್ಗದ್ದೆಯೆಂದು ವ್ಯಾಕರಣವು ಹೇಳುತ್ತದೆ. ಆ ಗದ್ದೆಯಲ್ಲಿ ಏನು ಬೆಳೆಯುತ್ತಿತ್ತು, ಏನು ಕೂಗುತ್ತಿತ್ತು ಎಂಬುದನ್ನು ಹೇಳಬೇಕಾದವರು ನಾಳಿನ ಪದವೀಧರರು. ಅವರಿಗೆ ಅದನ್ನು ಕಲಿಸುವ ಹೊಣೆ ಇಂದಿನ ನಮ್ಮದು.