ಇಪ್ಪತ್ತೈದು ಎಕರೆಗೆ ಒಂದೇ ಹಿಡಿ ಮಣ್ಣು

ಮಣ್ಣು ಪರೀಕ್ಷೆ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಬೇಡ ಅನ್ನುವವನಲ್ಲ. ಆದರೆ ಮಣ್ಣು ಯಾರ ಹೊಲದ್ದು, ಎಲ್ಲಿ ಅಗೆದದ್ದು ಅಂತ ಕೇಳದೆ ಕಾರ್ಡಿನ ಅಂಕಿ ನಂಬಿ ಗೊಬ್ಬರಕ್ಕೆ ದುಡ್ಡು ಸುರಿಯುವುದು ಮಳೆ ನೆಚ್ಚಿದ ನಮ್ಮಂಥವರಿಗೆ ಸಲ್ಲದು.

ಕೇಂದ್ರ ಸರ್ಕಾರ 2015ರಲ್ಲಿ ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಶುರು ಮಾಡಿತು. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಜೊತೆಗೆ ರಸಸಾರ, ಲವಣಾಂಶ, ಸಾವಯವ ಇಂಗಾಲ. ಒಟ್ಟು 12 ಅಂಕಿ. ಮೊದಲ ಎರಡು ಸುತ್ತಿನಲ್ಲಿ ನೀರಾವರಿಯಾದರೆ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಖುಷ್ಕಿಯಾದರೆ 10 ಹೆಕ್ಟೇರಿಗೆ ಒಂದು. ಅಂದರೆ 25 ಎಕರೆಗೆ ಒಂದೇ. ಆ ಚೌಕದೊಳಗೆ ಬಿದ್ದ ರೈತರಿಗೆಲ್ಲ ಅದೇ ಅಂಕಿ. ಆ ಕಾರ್ಡು ಈಗಲೂ ಎಷ್ಟೋ ಮನೆಯಲ್ಲಿವೆ, ಅದನ್ನೇ ನೋಡಿ ಗೊಬ್ಬರ ತರುವವರೂ ಇದ್ದಾರೆ.

ನೀರಾವರಿ ಗದ್ದೆ ಸಮ ಮಾಡಿದ್ದು. ಮಣ್ಣು ಹೆಜ್ಜೆಗೊಂದು ತರ ಇರುವುದು ನಮ್ಮಲ್ಲೇ. ನನ್ನ ಆರು ಎಕರೆಯಲ್ಲಿ ಮೇಲಿನ ಮೂರು ಕೆಂಪು ಗರಸು, ಕೆಳಗಿನ ಮೂರು ಸುಣ್ಣಕಲ್ಲು ಬೆರೆತ ಎರೆ. ಎರೆಯಲ್ಲಿ ರಸಸಾರ ಎಂಟು ದಾಟಿದರೆ ಸತು ಇದ್ದೂ ಗಿಡಕ್ಕೆ ದಕ್ಕದ ಹಂಗೆ ಕೂತುಬಿಡುತ್ತದೆ. ಕೆಂಪಿನಲ್ಲಿ ಆ ಕಾಟ ಕಡಿಮೆ, ಆದರೆ ಗಂಧಕ, ಬೋರಾನ್ ಮಳೆ ನೀರಿನ ಜೊತೆ ಕೆಳಗಿಳಿದು ಹೋಗುತ್ತವೆ. ಇವೆರಡಕ್ಕೂ ಒಂದೇ ಕಾರ್ಡು ಕೊಟ್ಟರೆ ಯಾವ ಹೊಲಕ್ಕೆ ಹಾಕಲಿ?

ಪ್ರಯೋಗಾಲಯದ ಮೇಲೆ ನನ್ನ ದೂರಿಲ್ಲ. ಒಂದು ಎಕರೆಯ ಮೇಲಿನ ಆರಿಂಚು ಮಣ್ಣು ಹತ್ತಿರ ಹತ್ತಿರ 9 ಲಕ್ಷ ಕೆಜಿ ತೂಗುತ್ತದೆ. ನಾವು ಕೊಡುವುದು ಅರ್ಧ ಕೆಜಿ. ಸತು ನೋಡಲು ಅದರಲ್ಲೂ 10 ಗ್ರಾಂ ತೆಗೆದು, ಡಿಟಿಪಿಎ ಅನ್ನೋ ದ್ರಾವಣ 20 ಮಿಲಿ ಹಾಕಿ, ಎರಡು ಗಂಟೆ ಕುಲುಕಿ ಸೋಸುತ್ತಾರೆ. ಆ ನೀರನ್ನು ಯಂತ್ರದ ಉರಿಗೆ ತುಂತುರಾಗಿ ಬಿಟ್ಟು, ಸತುವಿಗೆಂದೇ ಇರುವ ದೀಪದ ಬೆಳಕು ಅದರೊಳಗೆ ಎಷ್ಟು ಹೀರಿಹೋಯಿತು ಅಂತ ಅಳೆಯುತ್ತಾರೆ. ಹತ್ತು ಲಕ್ಷ ಪಾಲು ಮಣ್ಣಿನಲ್ಲಿ 0.6 ಪಾಲಿಗಿಂತ ಕಡಿಮೆ ಇದ್ದರೆ ಕೊರತೆ. ಅಷ್ಟು ಸೂಕ್ಷ್ಮ! ಆದರೆ ಆ ಮಣ್ಣನ್ನು ರಸ್ತೆ ಪಕ್ಕದ ಬದುವಿನಲ್ಲಿ ಕೆರೆದು ತಂದರೋ, ಹೊಲದೊಳಗೆ ಇಳಿದು ತಂದರೋ ಅದು ಯಂತ್ರಕ್ಕೆ ಗೊತ್ತಾಗಲ್ಲ. ತಗಡಿನ ಬಕೆಟ್ಟಿನಲ್ಲಿ ಕಲಸಿದರೆ ಅದರ ಸತುವಿನ ಲೇಪವೇ ಲೆಕ್ಕಕ್ಕೆ ಬರುತ್ತದೆ. ಗೊಬ್ಬರದ ಚೀಲದ ಮೇಲೆ ಹರಡಿದರೂ ಹಂಗೇ.

ಅಳತೆಯಿಂದ ಲಾಭವಿಲ್ಲ ಅಂತಲ್ಲ. ನಮ್ಮ ರಾಜ್ಯದಲ್ಲಿ 2009ರಲ್ಲಿ ಇಕ್ರಿಸ್ಯಾಟ್ ಜೊತೆ ಭೂಚೇತನ ಶುರುವಾದಾಗ ಖುಷ್ಕಿ ಭೂಮಿಯಲ್ಲಿ ಗಂಧಕ, ಸತು, ಬೋರಾನ್ ಕೊರತೆ ಎಷ್ಟು ಹಬ್ಬಿದೆ ಅಂತ ಕಂಡದ್ದು ಮಣ್ಣು ಪರೀಕ್ಷೆಯಿಂದಲೇ. ಅಲ್ಲಿವರೆಗೆ ನಮ್ಮಲ್ಲಿ ಬಹಳ ಜನಕ್ಕೆ ಯೂರಿಯಾ, ಡಿಎಪಿ ಬಿಟ್ಟರೆ ಬೇರೆ ಗೊಬ್ಬರವೇ ಇರಲಿಲ್ಲ.

25 ಎಕರೆ ಲೆಕ್ಕ ಸಾಲದು ಅಂತ ಸರ್ಕಾರಕ್ಕೂ ಗೊತ್ತಾಗಿರಬೇಕು. 2019-20ರಲ್ಲಿ ತಾಲೂಕಿಗೊಂದು ಮಾದರಿ ಗ್ರಾಮ ಮಾಡಿ ಒಬ್ಬೊಬ್ಬ ರೈತನ ಹಿಡುವಳಿಯಲ್ಲೇ ಮಣ್ಣು ತೆಗೆಸಿತು. ತಾಲೂಕಿನ ಉಳಿದ ಹಳ್ಳಿಯವರೇನು ಪಾಪ ಮಾಡಿದ್ದರು?

ಎರೆಗೊಂದು, ಕೆಂಪಿಗೊಂದು ಬೇರೆ ಬೇರೆ ಮಾದರಿ ನಾವೇ ತೆಗೆದುಕೊಂಡು ಹೋಗೋಣ. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ ಬಿಟ್ಟು ಹತ್ತು ಹದಿನೈದು ಕಡೆ ಆರಿಂಚು ಅಗೆದು, ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬೆರೆಸಿ, ನೆರಳಲ್ಲಿ ಒಣಗಿಸಿದರೆ ಅರ್ಧ ದಿನದ ಕೆಲಸ. ಇಲಾಖೆಯವರೇ ಬಂದು ತೆಗೆಯುವುದಾದರೆ ರೈತ ಪಕ್ಕದಲ್ಲಿ ನಿಂತಿರಲಿ, ಚೀಟಿಗೆ ಅವನ ಸಹಿಯೂ ಬೀಳಲಿ. ಫಲಿತಾಂಶ ಮುಂಗಾರು ಬಿತ್ತನೆಗೆ ಮೊದಲು ಕೈಸೇರಬೇಕು. ಶೇಂಗಾ ಹೂ ಬಿಟ್ಟ ಮೇಲೆ ಬಂದ ಕಾರ್ಡನ್ನು ಮುಂದಿನ ವರ್ಷದ ತನಕ ಟ್ರಂಕಿನಲ್ಲೇ ಇಡಬೇಕಾಗುತ್ತದೆ.