ಒಪ್ಪಂದ ಬರೆಯುವಾಗ ಹೊರಗೆ ನಿಂತವರು ಯಾರು?

ಚಾರ್ಲ್ಸ್ ಮಿಲ್ಸ್ ಹೆಸರು ನಮ್ಮ ಸಭೆಗಳಲ್ಲಿ ಅಷ್ಟಾಗಿ ಕೇಳಿಬರಲ್ಲ. ಕೇಳಿಬರಬೇಕು.

1951ರಲ್ಲಿ ಲಂಡನ್‌ನಲ್ಲಿ ಹುಟ್ಟಿ, ಜಮೈಕಾದಲ್ಲಿ ಬೆಳೆದ ಈ ಕಪ್ಪು ಚಿಂತಕ ಮೊದಲು ಓದಿದ್ದು ಭೌತಶಾಸ್ತ್ರ. ಆಮೇಲೆ ಕೆನಡಾದ ಟೊರಾಂಟೊದಲ್ಲಿ ತತ್ವಶಾಸ್ತ್ರ ಓದಿ, 1985ರಲ್ಲಿ ಪಿಎಚ್‌ಡಿ ಪಡೆದರು. ಒಕ್ಲಹೋಮ, ಶಿಕಾಗೋ, ಕೊನೆಗೆ ನ್ಯೂಯಾರ್ಕ್ ಅಂತ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡಿ 2021ರಲ್ಲಿ ತೀರಿಕೊಂಡರು. ಅಲ್ಲಿನ ತತ್ವಶಾಸ್ತ್ರ ವಿಭಾಗಗಳಲ್ಲಿ ಕಪ್ಪು ಮೇಷ್ಟ್ರುಗಳು ಬೆರಳೆಣಿಕೆಯಷ್ಟು ಮಾತ್ರ. ಅಂಥ ಕಡೆ ಕೂತುಕೊಂಡೇ ಅವರು ಒಂದು ಸರಳ ಪ್ರಶ್ನೆ ಎತ್ತಿದರು: ನ್ಯಾಯದ ಬಗ್ಗೆ ಇಷ್ಟೆಲ್ಲ ಬರೀತೀರಲ್ಲ, ಅದರಲ್ಲಿ ಗುಲಾಮಗಿರಿ ಎಲ್ಲಿದೆ?

ಎಲ್ಲ ಮನುಷ್ಯರೂ ಸಮಾನರಾಗಿ ಸೇರಿ ಒಂದು ಒಪ್ಪಂದ ಮಾಡಿಕೊಂಡು ಸಮಾಜ ಕಟ್ಟಿದರು ಅನ್ನೋದು ಯುರೋಪಿನ ತತ್ವಜ್ಞಾನಿಗಳು ಹೇಳಿಕೊಟ್ಟ ಕಥೆ. 1997ರ 'ದಿ ರೇಶಿಯಲ್ ಕಾಂಟ್ರಾಕ್ಟ್' ಪುಸ್ತಕದಲ್ಲಿ ಮಿಲ್ಸ್ ಈ ಕಥೆಯ ಬುಡಕ್ಕೇ ಕೈಹಾಕಿದರು. ಒಪ್ಪಂದ ಆಗಿದ್ದು ಬಿಳಿಯರ ನಡುವೆ. ಉಳಿದವರು ಅದರ ಪಾಲುದಾರರಲ್ಲ, ಅದರ ಸರಕು ಅಂದರು.

1971ರಲ್ಲಿ 'ಎ ಥಿಯರಿ ಆಫ್ ಜಸ್ಟಿಸ್' ಬರೆದ ಜಾನ್ ರಾಲ್ಸ್ ಅವರನ್ನೂ ಬಿಡಲಿಲ್ಲ. ರಾಲ್ಸ್ ಶುರು ಮಾಡೋದೇ ಎಲ್ಲರೂ ನಿಯಮ ಪಾಲಿಸುವ ಆದರ್ಶ ಸಮಾಜದಿಂದ. ಅಲ್ಲಿ ಅನ್ಯಾಯವೇ ನಡೆದಿಲ್ಲ ಅಂದಮೇಲೆ ಪರಿಹಾರದ ಮಾತೆಲ್ಲಿ ಬರುತ್ತೆ? ಇಂಥ ಆದರ್ಶ ನಿಜವಾದ ಗಾಯದ ಮೇಲೆ ಬಟ್ಟೆ ಮುಚ್ಚುತ್ತೆ ಅನ್ನೋದು ಮಿಲ್ಸ್ ವಾದ.

ಇದು ನಮಗೆ ಗೊತ್ತಿಲ್ಲದ ಆಟವಾ? 'ಮೆರಿಟ್' ಅನ್ನುವವರೆಲ್ಲ ಓಟ ಇವತ್ತು ಬೆಳಿಗ್ಗೆ ಶುರುವಾಯ್ತು ಅನ್ನೋ ಹಾಗೆ ಮಾತಾಡ್ತಾರೆ. 2019ರ ಶೇ. 10 ಮೀಸಲಾತಿಯನ್ನೇ ನೋಡಿ. ಹೆಸರು 'ಆರ್ಥಿಕವಾಗಿ ದುರ್ಬಲರು'. ಕೇಳೋಕೆ ಜಾತಿಯ ವಾಸನೆಯೇ ಇಲ್ಲ. ಆದರೆ ಎಸ್‌ಸಿ, ಎಸ್‌ಟಿ, ಒಬಿಸಿ ಬಡವರಿಗೆ ಅದರೊಳಗೆ ಪ್ರವೇಶವಿಲ್ಲ. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 3-2ರಲ್ಲಿ ಅದನ್ನು ಎತ್ತಿಹಿಡೀತು. ಬಡವ ಅಂದ್ರೆ ಯಾರು ಅಂತ ಬರೆಯುವಾಗಲೂ ನಮ್ಮನ್ನು ಹೊರಗೇ ನಿಲ್ಲಿಸಿದರು.

ಇಷ್ಟೆಲ್ಲ ಬೈದರೂ ಮಿಲ್ಸ್ ಸಮಾನತೆ, ಹಕ್ಕು ಅನ್ನೋ ಮಾತುಗಳನ್ನು ಬಿಳಿಯರಿಗೆ ಬಿಟ್ಟುಕೊಟ್ಟು ಎದ್ದು ಹೋಗಲಿಲ್ಲ. ಅವು ನಮ್ಮವೂ ಹೌದು, ಸರಿಯಾಗಿ ಬರೆಯೋಣ ಅಂದರು. ಬಾಬಾಸಾಹೇಬರೂ ಸಂವಿಧಾನ ಬರೆದು ಮುಗಿಸಿದಾಗ ಸುಮ್ಮನೆ ಸಂಭ್ರಮಿಸಲಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ನಿಂತು, ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವಿರೋಧಾಭಾಸಕ್ಕೆ ಕಾಲಿಡ್ತಿದ್ದೇವೆ ಅಂತ ಎಚ್ಚರಿಸಿದರು. ಸಂವಿಧಾನ ಉಳಿಸೋದು ಅಂದ್ರೆ ಆ ಎಚ್ಚರಿಕೆಯನ್ನೂ ಉಳಿಸೋದು.

'ತತ್ವಶಾಸ್ತ್ರ ಓದಿದ್ರೆ ಹೊಟ್ಟೆ ತುಂಬುತ್ತಾ' ಅಂತ ನಮ್ಮ ಮಕ್ಕಳಿಗೆ ಹೇಳೋರು ಬಹಳ. ಕೆಲಸದ ಚಿಂತೆ ನಿಜ, ಅಲ್ಲಗಳೆಯಲ್ಲ. ಆದರೆ ನ್ಯಾಯ ಅಂದ್ರೇನು ಅಂತ ತೀರ್ಮಾನಿಸುವ ಕೋಣೆಯಲ್ಲಿ ನಾವಿಲ್ಲದಿದ್ರೆ, ಅಲ್ಲಿ ಬರೆದ ವ್ಯಾಖ್ಯಾನ ನಾಳೆ ಕಾನೂನಾಗಿ ನಮ್ಮ ಮನೆ ಬಾಗಿಲಿಗೆ ಬರುತ್ತೆ. ಓದಿ, ಆ ಕೋಣೆಗೆ ನುಗ್ಗಿ.

ಜೈ ಭೀಮ್.